ಎರಡು ಮದ್ದಿನ ಪ್ರಯೋಗ: ಸಹಿ ಹಾಕುವ ಮೊದಲು ಥಲಸ್ಸೇಮಿಯಾ ಕುಟುಂಬಗಳಿಗೆ ಗೊತ್ತಿರಬೇಕಾದ ಲೆಕ್ಕ

ಕಳೆದ ತಿಂಗಳು ಒಂದು ಸಂಜೆ, ಮಗ್ರಿಬ್ ಮುಗಿಸಿ ಬಂದು ಅಂಗಡಿಯ ಕಡದ ಪುಸ್ತಕ ನೋಡುತ್ತಾ ಕೂತಿದ್ದೆ. ನಮ್ಮ ನೆಕ್ರಾಜೆಯವರೇ ಆದ ರಿಕ್ಷಾ ಓಡಿಸುವ ಇಚ್ಚ ಒಬ್ಬರು ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದು ಕಟ್ಟು ಕಾಗದ ತೆಗೆದು ತಕ್ಕಡಿಯ ಹತ್ತಿರ ಇಟ್ಟರು. "ನೀನು ಬಿಕಾಂ ಕಲಿತವ ಅಲ್ವಾ, ಇದರಲ್ಲಿ ಎಂತ ಬರೆದದ್ದು ಅಂತ ಒಮ್ಮೆ ನೋಡಿ ಹೇಳು. ಮುಂದಿನ ಸಲ ಹೋಗುವಾಗ ಸಹಿ ಹಾಕಿ ಕೊಡ್ಲಿಕ್ಕುಂಟು" ಅಂದರು.

ಅವರ ಮಗನಿಗೆ ಥಲಸ್ಸೇಮಿಯಾ. ಊರಿಗೆಲ್ಲ ಗೊತ್ತಿರುವ ವಿಷಯ. ಹುಡುಗನಿಗೆ ಈಗ 14 ವರ್ಷ. ಎಂಟು ತಿಂಗಳ ಮಗುವಾಗಿದ್ದಾಗಿನಿಂದ ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡೇ ಬದುಕಿದವನು. ಕಾಗದಗಳು ದೂರದ ಒಂದು ಆಸ್ಪತ್ರೆಯದ್ದು. ಹುಡುಗ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯ ಜೊತೆಗೆ ಇನ್ನೊಂದು ಮದ್ದು ಸೇರಿಸಿ, ಎರಡೂ ಒಟ್ಟಿಗೆ ಕೊಟ್ಟರೆ ಏನಾಗುತ್ತದೆ ಎಂದು ನೋಡುವ ಅಧ್ಯಯನಕ್ಕೆ ತಂದೆ ತಾಯಿಯ ಒಪ್ಪಿಗೆ ಪತ್ರ. ಹತ್ತಕ್ಕಿಂತ ಹೆಚ್ಚು ಪುಟ. ಒಂದು ಪ್ರತಿ ಇಂಗ್ಲಿಷ್, ಒಂದು ಮಲಯಾಳಂ. ಇಚ್ಚನಿಗೆ ಮಲಯಾಳಂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ಕಲಿತದ್ದು ಕನ್ನಡ ಶಾಲೆಯಲ್ಲಿ, ಏಳನೇ ತರಗತಿವರೆಗೆ. ನಮ್ಮ ಕಡೆಯ ಎಷ್ಟೋ ಮನೆಗಳ ಪರಿಸ್ಥಿತಿ ಇದೇ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷ್.

"ಇದು ನಮ್ಮ ಮಗನ ಮೇಲೆ ಪ್ರಯೋಗ ಮಾಡುದಾ?" ಇಚ್ಚ ಕೇಳಿದ್ದು ಇಷ್ಟೇ. ಅದಕ್ಕೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ನಾನು ಡಾಕ್ಟರ್ ಅಲ್ಲ, ಜೀನಸಿನ ಅಂಗಡಿಯವ. ಆದರೆ ಆ ದಿನದಿಂದ ಓದಿದ್ದನ್ನು, ತಿಳಿದವರಲ್ಲಿ ಕೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸಮುದಾಯದಲ್ಲಿ ಇಂತಹ ಮಕ್ಕಳಿರುವ ಮನೆ ಇದೊಂದೇ ಅಲ್ಲ.

ಕಬ್ಬಿಣದ ಆಯ ವ್ಯಯ

ಥಲಸ್ಸೇಮಿಯಾ ಮೇಜರ್ ಇರುವ ಮಗುವಿನ ದೇಹ ಸರಿಯಾದ ಹಿಮೋಗ್ಲೋಬಿನ್ ತಯಾರಿಸುವುದಿಲ್ಲ. ಹುಟ್ಟುವಾಗ ಮಗು ಚೆನ್ನಾಗಿಯೇ ಇರುತ್ತದೆ. ಗರ್ಭದಲ್ಲಿರುವಾಗ ಕೆಲಸ ಮಾಡುತ್ತಿದ್ದ ಬೇರೊಂದು ಹಿಮೋಗ್ಲೋಬಿನ್ ಕೆಲವು ತಿಂಗಳು ಅದನ್ನು ಕಾಪಾಡುತ್ತದೆ. ಅದು ಕಡಿಮೆಯಾಗುತ್ತಾ ಬಂದ ಹಾಗೆ ಮಗು ಬಿಳಿಚಿಕೊಳ್ಳುತ್ತದೆ, ಹಾಲು ಕುಡಿಯುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಆಮೇಲೆ ಜೀವ ಉಳಿಯಬೇಕಾದರೆ ಬೇರೆಯವರ ರಕ್ತವೇ ಗತಿ.

ರಕ್ತ ಹಾಕಿದರೆ ಸಮಸ್ಯೆ ಮುಗಿಯಿತು ಅಂತ ನಾವು ಭಾವಿಸುತ್ತೇವೆ. ಅಲ್ಲಿಂದ ಎರಡನೇ ಸಮಸ್ಯೆ ಶುರುವಾಗುತ್ತದೆ. ಒಂದು ಯೂನಿಟ್ ರಕ್ತದಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ತಿಂಗಳಿಗೆ ಎರಡು ಯೂನಿಟ್ ಅಂತ ಹಿಡಿದರೆ ವರ್ಷಕ್ಕೆ 24 ಯೂನಿಟ್, ಅಂದರೆ ಸುಮಾರು 5,000 ಮಿಲಿಗ್ರಾಂ ಒಳಗೆ ಬರುತ್ತದೆ. ಹೊರಗೆ ಹೋಗುವುದೆಷ್ಟು? ಮನುಷ್ಯನ ದೇಹ ದಿನಕ್ಕೆ ಒಂದೆರಡು ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣವನ್ನು ಹೊರಹಾಕಲಾರದು. ಅದಕ್ಕೆ ಬೇರೆ ದಾರಿಯನ್ನೇ ದೇಹದಲ್ಲಿ ಇಟ್ಟಿಲ್ಲ. ಆರೋಗ್ಯವಂತ ದೊಡ್ಡವರ ಇಡೀ ದೇಹದಲ್ಲಿರುವುದೇ ಮೂರ್ನಾಲ್ಕು ಗ್ರಾಂ. ಈ ಮಗುವಿನ ದೇಹಕ್ಕೆ ಅದಕ್ಕಿಂತ ಹೆಚ್ಚು ಒಂದೇ ವರ್ಷದಲ್ಲಿ ಬಂದು ಸೇರುತ್ತದೆ. ಲೆಕ್ಕ ಕಲಿತ ಯಾರಿಗೂ ಇದು ಅರ್ಥವಾದೀತು. ಬರುವುದು ರಾಶಿ, ಹೋಗುವುದು ಚಿಟಿಕೆ, ಉಳಿದದ್ದೆಲ್ಲ ಒಳಗೇ ದಾಸ್ತಾನು.

ಈ ದಾಸ್ತಾನು ಲಿವರ್, ಹಾರ್ಮೋನ್ ಗ್ರಂಥಿಗಳು ಮತ್ತು ಹೃದಯದಲ್ಲಿ ಕೂರುತ್ತದೆ. ಮಗು ಎತ್ತರ ಬೆಳೆಯುವುದಿಲ್ಲ, ಪ್ರಾಯಕ್ಕೆ ಬರುವುದು ತಡವಾಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ. ಕೊನೆಗೆ ಹೃದಯ ಸೋಲುತ್ತದೆ. ಸರಿಯಾಗಿ ರಕ್ತ ಸಿಕ್ಕಿಯೂ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಹೋದವರ ಸಾವಿಗೆ ಹೆಚ್ಚಾಗಿ ಕಾರಣವಾದದ್ದು ಹೃದಯದಲ್ಲಿ ಸೇರಿದ ಈ ಕಬ್ಬಿಣ.

ಒಂದು ಸಾಲದೆ ಎರಡು ಬಂದ ಕತೆ

ಕಬ್ಬಿಣ ಹೊರಹಾಕುವ ಮದ್ದುಗಳು ಈಗ ಮುಖ್ಯವಾಗಿ ಮೂರು. ಹೆಸರು ಒಂದಕ್ಕೊಂದು ಹೋಲುವುದರಿಂದ ಓದುವವರಿಗೆ ಗೊಂದಲವಾಗುತ್ತದೆ. ಹಾಗಾಗಿ ಬಳಸುವ ರೀತಿಯಿಂದಲೇ ಗುರುತಿಸುತ್ತೇನೆ.

ಮೊದಲನೆಯದು ಡೆಫೆರಾಕ್ಸಮೈನ್, ಸೂಜಿ ಮದ್ದು. ರಾತ್ರಿ ಹೊಟ್ಟೆಯ ಚರ್ಮದಡಿ ಸೂಜಿ ಚುಚ್ಚಿ, ಸಣ್ಣ ಪಂಪಿನಿಂದ 8ರಿಂದ 12 ಗಂಟೆ ಹನಿಹನಿಯಾಗಿ ಬಿಡಬೇಕು. ವಾರದಲ್ಲಿ ಐದಾರು ರಾತ್ರಿ ಹೀಗೆ, ಜೀವನ ಪೂರ್ತಿ. ಯಾವ ಮಗು ಒಪ್ಪುತ್ತದೆ? ಪಂಪಿನ ಖರ್ಚು ಬೇರೆ.

ಎರಡನೆಯದು ಡೆಫೆರಿಪ್ರೋನ್, ದಿನಕ್ಕೆ ಮೂರು ಹೊತ್ತು ನುಂಗುವ ಮಾತ್ರೆ. ಇದಕ್ಕೆ ಜಗತ್ತಿನಲ್ಲೇ ಮೊದಲು ಅನುಮತಿ ಕೊಟ್ಟ ದೇಶ ನಮ್ಮದು. 1990ರ ದಶಕದ ನಡುವಿನಲ್ಲಿ ಸಿಪ್ಲಾ ಕಂಪೆನಿ ಇದನ್ನು ಕೆಲ್ಫರ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಯುರೋಪಿನಲ್ಲಿ ಅನುಮತಿ ಸಿಕ್ಕಿದ್ದು 1999ರಲ್ಲಿ, ಅಮೆರಿಕದಲ್ಲಿ 2011ರಲ್ಲಿ. ಸೂಜಿಯ ಖರ್ಚು ಭರಿಸಲಾಗದ ನಮ್ಮ ದೇಶದ ಕುಟುಂಬಗಳಿಗೆ ಈ ಮಾತ್ರೆ ದೊಡ್ಡ ಆಸರೆಯಾಯಿತು.

ಮೂರನೆಯದು ಡೆಫೆರಸಿರಾಕ್ಸ್, ದಿನಕ್ಕೆ ಒಂದೇ ಹೊತ್ತಿನ ಮಾತ್ರೆ. ಅಮೆರಿಕದಲ್ಲಿ 2005ರಲ್ಲಿ ಅನುಮತಿ ಪಡೆದು ಬಂದದ್ದು.

ಹಾಗಾದರೆ ಎರಡನ್ನು ಒಟ್ಟಿಗೆ ಕೊಡುವ ಯೋಚನೆ ಯಾಕೆ ಬಂತು? ಸೂಜಿ ಮದ್ದು ಲಿವರಿನಿಂದ ಚೆನ್ನಾಗಿ ಕಬ್ಬಿಣ ತೆಗೆಯುತ್ತದೆ, ಆದರೆ ಅದರ ಕಣ ದೊಡ್ಡದು, ಹೃದಯದ ಜೀವಕೋಶದೊಳಗೆ ಸುಲಭವಾಗಿ ಹೋಗುವುದಿಲ್ಲ. ಮೂರು ಹೊತ್ತಿನ ಮಾತ್ರೆಯ ಕಣ ಸಣ್ಣದು. ಅದು ಒಳಗೆ ಹೋಗಿ ಕಬ್ಬಿಣವನ್ನು ಹಿಡಿದು ರಕ್ತಕ್ಕೆ ತರುತ್ತದೆ. ಅಲ್ಲಿಂದ ಸೂಜಿ ಮದ್ದು ಅದನ್ನು ವಹಿಸಿಕೊಂಡು ದೇಹದಿಂದ ಹೊರಗೆ ಒಯ್ಯುತ್ತದೆ. ನಮ್ಮ ತೋಟದ ಅಡಿಕೆ ಸಾಗಿಸುವ ಹಾಗೆ. ತೋಟದ ಒಳದಾರಿಗೆ ಲಾರಿ ಬರುವುದಿಲ್ಲ, ಪಿಕಪ್ ಹೋಗಿ ಗೋಣಿ ತುಂಬಿಸಿಕೊಂಡು ಬರಬೇಕು. ಚೆರ್ಕಳದ ಮುಖ್ಯ ರಸ್ತೆಯಲ್ಲಿ ಲಾರಿಗೆ ಹಾಕಿದರೆ ಒಂದೇ ಸಲಕ್ಕೆ ಮಂಗಳೂರು ಸೇರುತ್ತದೆ. ಬರೀ ಲಾರಿಯಿಂದಲೂ ಆಗದು, ಬರೀ ಪಿಕಪ್‌ನಿಂದ ಸಾಗಿಸಿದರೆ ಸೀಸನ್ ಮುಗಿದರೂ ಮುಗಿಯದು.

1990ರ ದಶಕದ ಕೊನೆಯಲ್ಲಿ ಲಂಡನ್ನಿನ ವೈದ್ಯರು ಕೆಲವೇ ರೋಗಿಗಳಲ್ಲಿ ಹೀಗೆ ಎರಡನ್ನೂ ಕೊಟ್ಟು ನೋಡಿ ಬರೆದರು. ಆದರೆ ಕೆಲವರಿಗೆ ಒಳ್ಳೆಯದಾಯಿತು ಎಂದಮಾತ್ರಕ್ಕೆ ಅದು ಪುರಾವೆಯಾಗುವುದಿಲ್ಲ. ಪುರಾವೆ ಬಂದದ್ದು ಇಟಲಿಯ ಸಾರ್ಡೀನಿಯಾ ದ್ವೀಪದಿಂದ. ಅಲ್ಲಿ ಥಲಸ್ಸೇಮಿಯಾ ಬಹಳ. ಹೃದಯದಲ್ಲಿ ಕಬ್ಬಿಣ ಸೇರಿದ 65 ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಸೂಜಿ ಮದ್ದು. ಒಂದು ಗುಂಪಿಗೆ ಜೊತೆಯಲ್ಲಿ ನಿಜವಾದ ಮಾತ್ರೆ, ಇನ್ನೊಂದಕ್ಕೆ ನೋಡಲು ಅದೇ ರೀತಿ ಇರುವ, ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ಒಂದು ವರ್ಷದ ನಂತರ ಹೃದಯದ ಎಂಆರ್‌ಐ ತೆಗೆದು ನೋಡಿದರು.

ಆ ಎಂಆರ್‌ಐಯಲ್ಲಿ ಟಿ2 ಸ್ಟಾರ್ ಎಂಬ ಒಂದು ಅಳತೆ ಉಂಟು. ಇದು 20ಕ್ಕಿಂತ ಕಡಿಮೆಯಾದರೆ ಹೃದಯದಲ್ಲಿ ಕಬ್ಬಿಣ ಸೇರಿದೆ ಎಂದು ಅರ್ಥ, 10ಕ್ಕಿಂತ ಕೆಳಗೆ ಹೋದರೆ ಅಪಾಯ. ಎರಡು ಮದ್ದು ತೆಗೆದುಕೊಂಡವರಲ್ಲಿ ಅದು ಸರಾಸರಿ 11.7ರಿಂದ 17.7ಕ್ಕೆ ಏರಿತ್ತು. ಬರೀ ಸೂಜಿ ಮದ್ದಿನವರಲ್ಲಿ 12.4ರಿಂದ 15.7ಕ್ಕೆ. 2007ರಲ್ಲಿ ಇದು ಪ್ರಕಟವಾಯಿತು. ಎರಡನೇ ಗುಂಪಿನವರಿಗೂ ಸ್ವಲ್ಪ ಗುಣ ಕಂಡಿತ್ತು ಎಂಬುದನ್ನು ಗಮನಿಸಬೇಕು. ಹೋಲಿಸಿ ನೋಡದೆ ಇದ್ದಿದ್ದರೆ ಹೊಸ ಮದ್ದಿನಿಂದ ಆದದ್ದೆಷ್ಟು, ಹಳೆಯದರಿಂದ ಆದದ್ದೆಷ್ಟು ಎಂದು ಯಾರಿಗೂ ಹೇಳಲು ಆಗುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಈ ಎಂಆರ್‌ಐ ಮತ್ತು ಜೋಡಿ ಮದ್ದು ಬಳಕೆಗೆ ಬಂದ ಮೇಲೆ, 2000ದ ನಂತರ, ಈ ರೋಗಿಗಳ ಹೃದಯ ಸಂಬಂಧಿ ಸಾವು ಬಹಳಷ್ಟು ಇಳಿಯಿತು.

ಇನ್ನೊಂದು ಪ್ರಯೋಗದಲ್ಲಿ ನಮ್ಮವರು ದುಡಿಯಲು ಹೋಗುವ ಗಲ್ಫಿನ ವೈದ್ಯರೂ ಇದ್ದರು. ಈಜಿಪ್ಟ್‌ನ ಕೈರೋ ಮತ್ತು ಒಮಾನಿನ ಮಸ್ಕತ್‌ನ ವೈದ್ಯರು ಸೇರಿ ಕಬ್ಬಿಣ ತುಂಬಾ ಏರಿದ್ದ 96 ಮಂದಿ ಎಳೆಯ ರೋಗಿಗಳಲ್ಲಿ ಎರಡು ಜೋಡಿಗಳನ್ನು ಹೋಲಿಸಿದರು. ಒಂದು ಗುಂಪಿಗೆ ಸೂಜಿ ಮತ್ತು ಮೂರು ಹೊತ್ತಿನ ಮಾತ್ರೆ. ಇನ್ನೊಂದಕ್ಕೆ ಸೂಜಿಯೇ ಇಲ್ಲ, ಎರಡೂ ಮಾತ್ರೆಗಳೇ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಜೋಡಿಯಲ್ಲಿ ಕಬ್ಬಿಣ ಇಳಿದಿತ್ತು. ಹೃದಯದ ವಿಷಯದಲ್ಲಿ ಮಾತ್ರೆ ಜೋಡಿ ಮುಂದಿತ್ತು. ಮುಖ್ಯವಾಗಿ ಮಕ್ಕಳು ತಪ್ಪಿಸದೆ ಮದ್ದು ತೆಗೆದುಕೊಂಡಿದ್ದರು. ರಾತ್ರಿ ಸೂಜಿ ಚುಚ್ಚುವಾಗ ಅಳುವ ಮಗುವನ್ನು ಹಿಡಿದು ಕೂತ ಉಮ್ಮಂದಿರಿಗೆ ಇದರ ಬೆಲೆ ಗೊತ್ತಿರುತ್ತದೆ.

ಎರಡು ಮದ್ದು ಅಂದರೆ ಎರಡರ ಅಡ್ಡ ಪರಿಣಾಮವೂ ಸೇರಿಯೇ ಬರುತ್ತದೆ. ಮೂರು ಹೊತ್ತಿನ ಮಾತ್ರೆಯಿಂದ ನೂರರಲ್ಲಿ ಸುಮಾರು ಒಬ್ಬರಿಗೆ ರಕ್ತದ ಬಿಳಿಕಣ ಏಕಾಏಕಿ ಕುಸಿಯಬಹುದು. ಹಾಗಾಗಿ ಅದನ್ನು ತೆಗೆದುಕೊಳ್ಳುವ ಮಗುವಿಗೆ ಜ್ವರ ಬಂದರೆ ಪ್ಯಾರಸಿಟಮಾಲ್ ಕೊಟ್ಟು ಮಲಗಿಸುವುದಲ್ಲ. ಮಾತ್ರೆ ನಿಲ್ಲಿಸಿ, ಆ ದಿನವೇ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಬೇಕು. ಒಂದು ಹೊತ್ತಿನ ಮಾತ್ರೆಯಲ್ಲಿ ಕಿಡ್ನಿ, ಲಿವರ್ ಮೇಲೆ ಕಣ್ಣಿಡಬೇಕು. ಇದನ್ನೆಲ್ಲ ಬರೆದಿಟ್ಟು ಹಿಂಬಾಲಿಸುವ ವ್ಯವಸ್ಥೆ ಇಲ್ಲದ ಕಡೆ ಜೋಡಿ ಮದ್ದು ಶುರು ಮಾಡಿದರೆ ಗುಣಕ್ಕಿಂತ ತೊಂದರೆ ಹೆಚ್ಚಾದೀತು.

ವಾಟ್ಸಾಪ್‌ನಲ್ಲಿ ಓಡುವ ಇನ್ನೊಂದು ಜೋಡಿ

"ಇನ್ನು ರಕ್ತ ಹಾಕಿಸುವುದೇ ಬೇಡ, ಈ ಎರಡು ಮಾತ್ರೆ ಸಾಕು" ಎಂಬ ಸಂದೇಶ ಇಚ್ಚನ ಮೊಬೈಲಿನಲ್ಲೂ ಇತ್ತು. ಅದರಲ್ಲಿ ಹೇಳಿದ್ದು ಹೈಡ್ರಾಕ್ಸಿಯೂರಿಯಾ ಮತ್ತು ಥಾಲಿಡೊಮೈಡ್. ಇದು ಪೂರ್ತಿ ಸುಳ್ಳು ಸುದ್ದಿಯೂ ಅಲ್ಲ, ಅದರಿಂದಲೇ ಹೆಚ್ಚು ಅಪಾಯ.

ಮೇಲೆ ಹೇಳಿದ ಗರ್ಭಕಾಲದ ಹಿಮೋಗ್ಲೋಬಿನನ್ನು ಪುನಃ ಎಬ್ಬಿಸುವ ಶಕ್ತಿ ಈ ಎರಡಕ್ಕೂ ಸ್ವಲ್ಪ ಉಂಟು. ಚೀನಾದಲ್ಲಿ, ಪಾಕಿಸ್ತಾನದಲ್ಲಿ, ನಮ್ಮ ದೇಶದಲ್ಲೂ ವೈದ್ಯರು ಥಾಲಿಡೊಮೈಡನ್ನು ಒಂಟಿಯಾಗಿ ಅಥವಾ ಜೋಡಿಯಾಗಿ ಕೊಟ್ಟು ಪರೀಕ್ಷಿಸಿದ್ದಾರೆ. ಕೆಲವರಿಗೆ ರಕ್ತ ಹಾಕುವ ಅಗತ್ಯ ಕಡಿಮೆಯಾಗಿದೆ, ಕೆಲವರಿಗೆ ಏನೂ ಆಗಿಲ್ಲ.

ಆದರೆ ಥಾಲಿಡೊಮೈಡ್ ಯಾವ ಮದ್ದು ಎಂದು ಹಳಬರು ಮರೆತಿಲ್ಲ. 1957ರಲ್ಲಿ ಜರ್ಮನಿಯಲ್ಲಿ ನಿದ್ದೆಗೆ, ಗರ್ಭಿಣಿಯರ ವಾಂತಿಗೆ ಅಂತ ಮಾರಾಟಕ್ಕೆ ಬಂದದ್ದು. ಸರಿಯಾಗಿ ಪರೀಕ್ಷಿಸದೆ ಕೊಟ್ಟದ್ದರಿಂದ ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. 1961ರಲ್ಲಿ ಹಿಂದೆ ಪಡೆದರು. ಇವತ್ತು ಮದ್ದಿನ ಪ್ರಯೋಗಕ್ಕೆ ಇಷ್ಟು ಕಾನೂನು ಇರುವುದಕ್ಕೆ ಆ ದುರಂತವೂ ಒಂದು ದೊಡ್ಡ ಕಾರಣ. ಈಗಲೂ ಕುಷ್ಠರೋಗದ ಒಂದು ತೊಡಕಿಗೆ, ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಅದನ್ನು ಕಟ್ಟುನಿಟ್ಟಿನಲ್ಲಿ ಬಳಸುತ್ತಾರೆ. ರಕ್ತ ಹೆಪ್ಪುಗಟ್ಟುವುದು, ನರಗಳಿಗೆ ಹಾನಿ, ತೂಕಡಿಕೆ ಅದರ ತೊಂದರೆಗಳು. ಮದುವೆ ಪ್ರಾಯದ ಹುಡುಗ ಹುಡುಗಿಯರ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ತಜ್ಞರ ಕಣ್ಣಳತೆಯಲ್ಲಿ, ನಿಯಮ ಪ್ರಕಾರ ನಡೆಯುವ ಅಧ್ಯಯನದಲ್ಲಿ ಇದನ್ನು ತೆಗೆದುಕೊಳ್ಳುವುದು ಒಂದು. ಯಾರೋ ಕಳಿಸಿದ ಮೆಸೇಜ್ ನೋಡಿ ಮೆಡಿಕಲ್‌ನಲ್ಲಿ ಕೇಳಿ ಮಗುವಿಗೆ ಕೊಡುವುದು ಬೇರೆಯೇ.

ಪ್ರಯೋಗಕ್ಕೆ ಹೆದರುವವರಿಗೂ, ಕಣ್ಣು ಮುಚ್ಚಿ ನಂಬುವವರಿಗೂ ಉಪಯೋಗವಾಗುವ ಇನ್ನೊಂದು ಉದಾಹರಣೆ ನಮ್ಮ ನೆರೆಯ ವಯನಾಡು, ಕೊಡಗು, ಚಾಮರಾಜನಗರದ ಆದಿವಾಸಿಗಳಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆಯದ್ದು. ಅದೂ ಹುಟ್ಟಿನಿಂದ ಬರುವ ರಕ್ತದ ಕಾಯಿಲೆಯೇ. 1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಹೈಡ್ರಾಕ್ಸಿಯೂರಿಯಾ ಅದರ ನೋವಿನ ಕಾಟವನ್ನು ಕಡಿಮೆ ಮಾಡಿದ್ದು ಸಾಬೀತಾಯಿತು. ಇವತ್ತಿಗೂ ಅದೇ ಮೂಲ ಮದ್ದು. ಅದರ ಜೊತೆಗೂ ಕೊಡಬಹುದು ಎಂದು 2019ರಲ್ಲಿ ಅಮೆರಿಕದಲ್ಲಿ ಎರಡು ಹೊಸ ಮದ್ದುಗಳಿಗೆ ಅನುಮತಿ ಸಿಕ್ಕಿತ್ತು. ಅದರಲ್ಲೊಂದಾದ ವೋಕ್ಸೆಲೋಟರನ್ನು 2024ರ ಸೆಪ್ಟೆಂಬರಿನಲ್ಲಿ ಫೈಜರ್ ಕಂಪೆನಿಯೇ ಇಡೀ ಜಗತ್ತಿನಿಂದ ಹಿಂದೆ ಪಡೆಯಿತು. ಮುಂದುವರಿದ ಪ್ರಯೋಗಗಳಲ್ಲಿ ಸಾವು ಮತ್ತು ನೋವಿನ ಕಾಟದ ಲೆಕ್ಕ ಸರಿ ಬರಲಿಲ್ಲ. ಇನ್ನೊಂದಾದ ಕ್ರಿಜಾನ್ಲಿಜುಮ್ಯಾಬ್‌ನ ಅನುಮತಿಯನ್ನು ಯುರೋಪ್ 2023ರಲ್ಲಿ ರದ್ದು ಮಾಡಿತು. ಅನುಮತಿ ಸಿಕ್ಕಿದ ಮೇಲೂ ಲೆಕ್ಕ ಇಡುತ್ತಾ ಹೋದದ್ದರಿಂದ ಮಾತ್ರ ಇದು ಗೊತ್ತಾಯಿತು.

ಟೊರಾಂಟೋದಲ್ಲಿ ನಡೆದದ್ದು

ಅದೇ ಮೂರು ಹೊತ್ತಿನ ಮಾತ್ರೆಯ ಕತೆಯಲ್ಲಿ ಒಪ್ಪಿಗೆ ಪತ್ರದ ಬೆಲೆ ತಿಳಿಸುವ ಘಟನೆಯೊಂದಿದೆ. ಕೆನಡಾದ ಟೊರಾಂಟೋದ ಮಕ್ಕಳ ಆಸ್ಪತ್ರೆಯಲ್ಲಿ ಡಾ. ನ್ಯಾನ್ಸಿ ಒಲಿವಿಯೆರಿ ಆ ಮಾತ್ರೆಯ ಪ್ರಯೋಗ ನಡೆಸುತ್ತಿದ್ದರು. ಅಪೋಟೆಕ್ಸ್ ಎಂಬ ಮದ್ದಿನ ಕಂಪೆನಿಯ ಹಣವೂ ಅದರಲ್ಲಿತ್ತು. ಕೆಲವು ರೋಗಿಗಳಲ್ಲಿ ಮದ್ದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸಂಶಯ ಅವರಿಗೆ ಬಂತು. ಅದನ್ನು ರೋಗಿಗಳಿಗೆ ತಿಳಿಸಬೇಕು ಎಂದರು. 1996ರಲ್ಲಿ ಕಂಪೆನಿ ಪ್ರಯೋಗವನ್ನೇ ನಿಲ್ಲಿಸಿ, ಬಾಯಿ ಬಿಟ್ಟರೆ ಕಾನೂನು ಕ್ರಮ ಎಂದು ಬೆದರಿಸಿತು. ಅವರು ಸುಮ್ಮನಾಗಲಿಲ್ಲ, 1998ರಲ್ಲಿ ವರದಿ ಪ್ರಕಟಿಸಿದರು. 2001ರಲ್ಲಿ ಕೆನಡಾದ ಅಧ್ಯಾಪಕರ ಸಂಘ ನೇಮಿಸಿದ ಸ್ವತಂತ್ರ ಸಮಿತಿ ಅವರ ಪರವಾಗಿ ಹೇಳಿತು.

ಆ ಮಾತ್ರೆಯ ಬಗ್ಗೆ ಅವರ ಸಂಶಯ ಪೂರ್ತಿ ಸರಿಯೇ ಎಂಬುದರಲ್ಲಿ ವೈದ್ಯರಲ್ಲಿ ಇಂದಿಗೂ ಭಿನ್ನಾಭಿಪ್ರಾಯ ಉಂಟು. ಅದೇ ಮಾತ್ರೆ ಮುಂದೆ ಜೋಡಿಯಲ್ಲಿ ಸಾವಿರಾರು ಜನರ ಹೃದಯ ಕಾಪಾಡಿದ್ದೂ ನಿಜ. ಆದರೆ ಹೊಸದಾಗಿ ಏನಾದರೂ ಅಪಾಯ ಕಂಡರೆ ರೋಗಿಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆಗೆ ಎರಡು ಉತ್ತರ ಇಲ್ಲ. ಹೇಳಲೇಬೇಕು. ನಾವು ಸಹಿ ಹಾಕುವ ಕಾಗದದಲ್ಲಿ ಆ ಮಾತು ಬರೆದಿರಬೇಕು.

ನಮ್ಮ ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ಹೊಸ ಮದ್ದು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು 2019ರ ಮಾರ್ಚ್‌ನಲ್ಲಿ ಬಂದವು. ಅದಕ್ಕೆ ಮೊದಲು ಬಡವರ ಮೇಲೆ ಸರಿಯಾಗಿ ತಿಳಿಸದೆ ಪ್ರಯೋಗ ಮಾಡಿದ ದೂರುಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದವು. ಈಗ ಮಾರುಕಟ್ಟೆಯಲ್ಲಿರುವ ಮದ್ದನ್ನೇ ಬೇರೆ ರೋಗಕ್ಕೆ ಕೊಟ್ಟು ನೋಡುವ, ಕಾಲೇಜು ವೈದ್ಯರು ಮಾಡುವ ಶೈಕ್ಷಣಿಕ ಅಧ್ಯಯನಗಳಿಗೆ ದಿಲ್ಲಿಯ ಅನುಮತಿ ಬೇಕಿಲ್ಲ. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಸಾಕು, ಐಸಿಎಂಆರ್‌ನ 2017ರ ಮಾರ್ಗಸೂಚಿ ಪಾಲಿಸಬೇಕು. ಜೋಡಿ ಮದ್ದಿನ ಅನೇಕ ಅಧ್ಯಯನಗಳು ಈ ಸಾಲಿಗೇ ಬರುತ್ತವೆ. ಆದ್ದರಿಂದ ಯಾವ ಬಗೆಯದ್ದು ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇಚ್ಚನಿಗಾಗಿ ನಾನೊಂದು ಪಟ್ಟಿ ಬರೆದುಕೊಟ್ಟೆ. ಯಾರಿಗೂ ಉಪಯೋಗವಾಗಬಹುದು.

1. ಈ ಅಧ್ಯಯನಕ್ಕೆ ಸಿಟಿಆರ್‌ಐ ನಂಬರ್ ಉಂಟಾ? ಇದು ದೇಶದ ಪ್ರಯೋಗಗಳ ನೋಂದಣಿ ಪುಸ್ತಕ. 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಮೊಬೈಲಿನಲ್ಲೇ ಯಾರೂ ನೋಡಬಹುದು.

2. ಮಗುವಿಗೆ ಈಗ ಸಿಗುತ್ತಿರುವ ಮದ್ದು ಮುಂದುವರಿಯುತ್ತದಾ? ಮದ್ದಿಲ್ಲದ ಮಾತ್ರೆ ಕೊಡುವ ಗುಂಪು ಉಂಟಾ?

3. ಯಾವ ಯಾವ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ, ಖರ್ಚು ಯಾರದ್ದು? ನೆಕ್ರಾಜೆಯಿಂದ ಹೋಗಿ ಬರುವ ಖರ್ಚು ಕೊಡುತ್ತಾರಾ?

4. ಅಧ್ಯಯನದಿಂದ ಮಗುವಿಗೆ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡುವವರು ಯಾರು? ಕಾಗದದಲ್ಲಿ ಬರೆದಿದೆಯಾ?

5. ನಡುವೆ ಬೇಡ ಅನಿಸಿದರೆ ಬಿಡಬಹುದಾ? ಬಿಟ್ಟರೆ ಮಾಮೂಲಿ ಚಿಕಿತ್ಸೆಗೆ ಏನೂ ತೊಡಕಾಗಬಾರದು. ಇದು ನಮ್ಮ ಹಕ್ಕು.

6. ಅಧ್ಯಯನ ಮುಗಿದ ಮೇಲೆ ಎರಡನೇ ಮದ್ದು ಸಿಗುತ್ತದಾ, ಅಥವಾ ನಾವೇ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕಾ?

7. ನೈತಿಕ ಸಮಿತಿಯವರ ಫೋನ್ ನಂಬರ್ ಕಾಗದದಲ್ಲಿದೆಯಾ? ಸಹಿ ಹಾಕಿದ ಪತ್ರದ ಒಂದು ಪ್ರತಿ ನಮಗೆ ಕೊಡುತ್ತಾರಾ?

ಇನ್ನೂ ಎರಡು ವಿಷಯ. ಒಪ್ಪಿಗೆ ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದು ನಿಯಮವೇ ಹೇಳುತ್ತದೆ. ಓದಲು ಬಾರದವರಿಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರಿನಲ್ಲಿ ಓದಿ ಹೇಳಬೇಕು. ಕಾಸರಗೋಡಿನ ಕನ್ನಡಿಗರಿಗೆ ಸರಕಾರಿ ವ್ಯವಹಾರದಲ್ಲಿ ಕನ್ನಡ ಬಳಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ರೇಷನ್ ಕಾರ್ಡಿಗೆ, ಪಂಚಾಯತ್ ಅರ್ಜಿಗೆ ಕನ್ನಡ ಬೇಕು ಎಂದು ಹೋರಾಡುವ ನಾವು ಮಗುವಿನ ಜೀವದ ಕಾಗದವನ್ನು ಕನ್ನಡದಲ್ಲಿ ಕೇಳಲು ಯಾಕೆ ನಾಚಬೇಕು?

ಎರಡನೆಯದು, ಮಗುವಿನ ಮಾತು. ಐಸಿಎಂಆರ್ ಮಾರ್ಗಸೂಚಿ ಪ್ರಕಾರ 7 ವರ್ಷ ದಾಟಿದ ಮಗುವಿಗೂ ವಿಷಯ ತಿಳಿಸಿ, ಅದರ ಸಮ್ಮತಿ ಪಡೆಯಬೇಕು. ನಮ್ಮಲ್ಲಿ ದೊಡ್ಡವರು ತೀರ್ಮಾನ ಮಾಡಿದರೆ ಮುಗಿಯಿತು. ಮಾತ್ರೆ ನುಂಗಬೇಕಾದವನು ಆ 14ರ ಹುಡುಗ. ಅವನನ್ನು ಕೂರಿಸಿ ಹೇಳಿದ್ದೀರಾ ಎಂದು ಕೇಳಿದಾಗ ಇಚ್ಚ ಸುಮ್ಮನಾದರು.

ಪ್ರಯೋಗ ಗೆದ್ದರೂ ಸ್ಟಾಕ್ ಇಲ್ಲದಿದ್ದರೆ?

ವ್ಯಾಪಾರಿಯಾಗಿ ನನಗೆ ಹೆಚ್ಚು ತಟ್ಟುವ ವಿಷಯ ಇದು. ಎರಡು ಮದ್ದಿನ ಚಿಕಿತ್ಸೆಯಲ್ಲಿ ಒಂದು ಸ್ಟಾಕ್ ಇಲ್ಲ ಎಂದಾದರೆ ಜೋಡಿ ಮುರಿಯಿತು. ಸಾರ್ಡೀನಿಯಾದ ಫಲಿತಾಂಶ ಬಂದದ್ದು ವರ್ಷವಿಡೀ ಎರಡೂ ಮದ್ದು ತಪ್ಪದೆ ಸಿಕ್ಕಿದವರಿಗೆ. ತಿಂಗಳು ಬಿಟ್ಟು ತಿಂಗಳು ಸಿಗುವವರಿಗೆ ಆ ಅಂಕಿ ಅನ್ವಯಿಸುವುದಿಲ್ಲ.

ಕೇರಳ ಸರಕಾರಕ್ಕೆ ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ರೋಗಿಗಳಿಗಾಗಿ ಆಶಾಧಾರಾ ಎಂಬ ಯೋಜನೆ ಇದೆ. ಈ ರೋಗಿಗಳಿಗೆ ಉಚಿತವಾಗಿ ರಕ್ತ ಕೊಡಬೇಕು ಎಂದು ರಾಷ್ಟ್ರೀಯ ರಕ್ತ ವರ್ಗಾವಣಾ ಮಂಡಳಿಯ ಸೂಚನೆ ಇದೆ. 2016ರ ವಿಕಲಾಂಗ ಹಕ್ಕುಗಳ ಕಾಯಿದೆಯಲ್ಲಿ ಥಲಸ್ಸೇಮಿಯಾ ಸೇರಿದೆ, ಪ್ರಮಾಣಪತ್ರ ಮಾಡಿಸಬಹುದು. ಅಣ್ಣ ತಮ್ಮ ಅಕ್ಕ ತಂಗಿಯರ ಮಜ್ಜೆ ಹೊಂದಿದರೆ ಪೂರ್ತಿ ಗುಣವಾಗುವ ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾದ ಹಣದಿಂದ 2017ರಿಂದ ನಡೆಯುತ್ತಿರುವ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ನೆರವು ಉಂಟು. ಕಾಗದದಲ್ಲಿ ಇಷ್ಟೆಲ್ಲ ಇದೆ. ಆದರೂ ಕಬ್ಬಿಣ ತೆಗೆಯುವ ಮದ್ದು ಸಿಗುತ್ತಿಲ್ಲ ಎಂದು ಕೋಝಿಕ್ಕೋಡಿನಲ್ಲಿ ರಕ್ತರೋಗಿಗಳ ಸಂರಕ್ಷಣಾ ಸಮಿತಿಯವರು ಮತ್ತೆ ಮತ್ತೆ ದನಿ ಎತ್ತಬೇಕಾಗಿ ಬಂದಿದೆ. ನಮ್ಮ ಜಿಲ್ಲೆಯಲ್ಲಿ ಅಂತಹ ದನಿಯೂ ಗಟ್ಟಿಯಾಗಿ ಕೇಳಿಲ್ಲ.

2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನಾವು ಎಷ್ಟು ಪರಾವಲಂಬಿ ಎಂದು ಗೊತ್ತಾಯಿತು. ಮಂಗಳೂರಿಗೆ ಹೋಗಲಾಗದೆ ರೋಗಿಗಳು ದಾರಿಯಲ್ಲೇ ಹೋದರು. ಮೂರು ವಾರಕ್ಕೊಮ್ಮೆ ರಕ್ತ ಬೇಕಾದ ಮಕ್ಕಳ ಮನೆಯವರು ಆ ದಿನಗಳನ್ನು ಹೇಗೆ ಕಳೆದರೆಂದು ಅವರಿಗೇ ಗೊತ್ತು. ಬದಿಯಡ್ಕ ದಾಟಿದರೆ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಉಂಟು. 2013ರಲ್ಲಿ ಶಿಲಾನ್ಯಾಸ ಆದದ್ದು. ಅಲ್ಲಿ ಥಲಸ್ಸೇಮಿಯಾ ಮಕ್ಕಳಿಗೆ ಬೆಳಿಗ್ಗೆ ಬಂದು ರಕ್ತ ಹಾಕಿಸಿ ಸಂಜೆ ಮನೆಗೆ ಹೋಗುವ ಪೂರ್ಣ ವ್ಯವಸ್ಥೆ, ಮೂರೂ ಮದ್ದಿನ ಸ್ಟಾಕ್, ಕನ್ನಡ ಬಲ್ಲ ಒಬ್ಬ ಸಮಾಲೋಚಕ ಬೇಕು ಎಂದು ನಮ್ಮ ಜಮಾಅತ್‌ಗಳು, ಕ್ಲಬ್‌ಗಳು, ಎಲ್ಲ ಪಕ್ಷದ ಪಂಚಾಯತ್ ಸದಸ್ಯರು ಸೇರಿ ಒಂದು ಮನವಿ ಕೊಟ್ಟರೆ ಅದೇನೂ ದೊಡ್ಡ ಬೇಡಿಕೆ ಅಲ್ಲ.

ನಿಕಾಹ್‌ಗೆ ಮೊದಲು ಒಂದು ಪರೀಕ್ಷೆ

ಕೊನೆಯದಾಗಿ ಮನೆಯೊಳಗಿನ ಮಾತು. ತಂದೆ ತಾಯಿ ಇಬ್ಬರೂ ಈ ಗುಣದ ವಾಹಕರಾದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ ಮಗುವಿಗೆ ಕಾಯಿಲೆ ಬರಲು. ವಾಹಕರಿಗೆ ಸ್ವತಃ ಏನೂ ಆಗುವುದಿಲ್ಲ, ಸ್ವಲ್ಪ ರಕ್ತ ಕಡಿಮೆ ಇರಬಹುದು ಅಷ್ಟೆ. ಕಬ್ಬಿಣದ ಮಾತ್ರೆ ಎಷ್ಟು ತಿಂದರೂ ಏರದ ಹಿಮೋಗ್ಲೋಬಿನ್ ಇದ್ದವರು ಪರೀಕ್ಷೆ ಮಾಡಿಸಲೇಬೇಕು. ದೇಶದಲ್ಲಿ ನೂರರಲ್ಲಿ ಮೂರು ನಾಲ್ಕು ಮಂದಿ ವಾಹಕರು, ವರ್ಷಕ್ಕೆ ಸುಮಾರು 10,000 ಮಕ್ಕಳು ಈ ಕಾಯಿಲೆಯೊಂದಿಗೆ ಹುಟ್ಟುತ್ತಾರೆ ಎಂಬುದು ಸರಕಾರದ ಅಂದಾಜು. ಸಂಬಂಧದೊಳಗೆ ಮದುವೆ ನಮ್ಮಲ್ಲಿ ಹೊಸತಲ್ಲ, ಅಲ್ಲಿ ಇಬ್ಬರೂ ವಾಹಕರಾಗುವ ಸಾಧ್ಯತೆ ಹೆಚ್ಚು.

ಪರೀಕ್ಷೆಯ ಹೆಸರು ಎಚ್‌ಬಿಎ2. ಜೀವಮಾನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಸೌದಿ ಅರೇಬಿಯಾ 2004ರಿಂದ ಮದುವೆಗೆ ಮೊದಲು ಇದನ್ನು ಕಡ್ಡಾಯ ಮಾಡಿದೆ. ಸೈಪ್ರಸ್‌ನಲ್ಲಿ 1970ರ ದಶಕದಿಂದ ನಡೆದ ಪರೀಕ್ಷೆಯಿಂದ ಈ ಕಾಯಿಲೆಯ ಮಕ್ಕಳು ಹುಟ್ಟುವುದು ಬಹುತೇಕ ನಿಂತೇಹೋಗಿದೆ. ನಿಶ್ಚಿತಾರ್ಥ ಆದ ಮೇಲೆ ಪರೀಕ್ಷೆ ಮಾಡಿ ಸಂಬಂಧ ಮುರಿದು ಹುಡುಗಿಯ ಹೆಸರು ಹಾಳು ಮಾಡುವುದು ಬೇಡ. ಪ್ಲಸ್ ಟು, ಡಿಗ್ರಿಯಲ್ಲಿರುವಾಗಲೇ ಹುಡುಗ ಹುಡುಗಿ ಇಬ್ಬರಿಗೂ ಮಾಡಿಸಿ, ಫಲಿತಾಂಶ ಅವರ ಕೈಯಲ್ಲೇ ಇರಲಿ. ರಕ್ತದಾನ ಶಿಬಿರ ಮಾಡುವುದರಲ್ಲಿ ನಮ್ಮ ಯುವಕರು ಯಾರಿಗೂ ಕಡಿಮೆ ಇಲ್ಲ. ಅದೇ ಶಿಬಿರದಲ್ಲಿ ಈ ಪರೀಕ್ಷೆಯನ್ನೂ ಸೇರಿಸಿದರೆ ಕೆಲಸ ಅರ್ಧ ಆಯಿತು.

ಇಚ್ಚ ಮೊನ್ನೆ ಪುನಃ ಅಂಗಡಿಗೆ ಬಂದಿದ್ದರು. ಪಟ್ಟಿಯನ್ನು ಆಸ್ಪತ್ರೆಗೆ ಕೊಂಡುಹೋಗಿ ಒಂದೊಂದಾಗಿ ಕೇಳಿದ್ದಾರೆ. ಡಾಕ್ಟರ್ ಬೇಸರ ಮಾಡಲಿಲ್ಲವಂತೆ, ಕೂರಿಸಿ ಹೇಳಿದರಂತೆ. ಆರನೇ ಪ್ರಶ್ನೆಗೆ, ಅಂದರೆ ಅಧ್ಯಯನ ಮುಗಿದ ಮೇಲೆ ಮದ್ದು ಸಿಗುತ್ತದಾ ಎಂಬುದಕ್ಕೆ, ಸರಿಯಾದ ಉತ್ತರ ಇನ್ನೂ ಬಂದಿಲ್ಲ, ವಿಚಾರಿಸಿ ಹೇಳುತ್ತೇವೆ ಅಂದಿದ್ದಾರೆ. ಕನ್ನಡ ಪ್ರತಿಯನ್ನೂ ಕೇಳಿದ್ದಾರೆ. ಹುಡುಗನಿಗೆ ಎಲ್ಲವನ್ನೂ ಹೇಳಿದಾಗ ಅವನು ಕೇಳಿದ್ದು ಒಂದೇ ಅಂತೆ: "ಮಾತ್ರೆಯನ್ನು ಶಾಲೆಗೆ ಕೊಂಡುಹೋಗಬೇಕಾ, ಅಲ್ಲ ಮನೆಯಲ್ಲೇ ತಿಂದರೆ ಸಾಕಾ?" ಗೆಳೆಯರು ನೋಡುವುದು ಅವನಿಗೆ ಇಷ್ಟ ಇಲ್ಲ.

ಸಹಿ ಇನ್ನೂ ಹಾಕಿಲ್ಲ. ಎರಡು ಉತ್ತರ ಬಂದ ಮೇಲೆ ಮನೆಯವರು ಮೂವರೂ ಕೂತು ತೀರ್ಮಾನ ಮಾಡುತ್ತಾರೆ.